ಮೂರು ಭಾಷೆ ಬಲ್ಲವರೇ, ಈ ಕೆಲಸ ನಿಮ್ಮದು

ಪೊಲೀಸ್ ಕೆಲಸ ಹಿಡಿಯಬೇಕೆಂದು ಬೆಳಗಿನ ಜಾವ ಎದ್ದು ಓಡುವ ಹುಡುಗರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಓಟದಲ್ಲಿ ಗೆದ್ದು, ಎತ್ತರದಲ್ಲಿ ಗೆದ್ದು, ಲಿಖಿತ ಪರೀಕ್ಷೆಯನ್ನೂ ದಾಟಿ, ಕಟ್ಟಕಡೆಗೆ ಕಣ್ಣಿನ ಪರೀಕ್ಷೆಯಲ್ಲಿ ಹೊರಬೀಳುವವರೂ ಇರುತ್ತಾರೆ. ಒಂದು ಕಣ್ಣು ಮುಚ್ಚಿಕೊಂಡು ಓದು ಎಂದಾಗ ಇನ್ನೊಂದು ಕಣ್ಣಿಗೆ ಅಕ್ಷರವೇ ಹತ್ತುವುದಿಲ್ಲ. ಕನ್ನಡಕ ಹಾಕಿ ನೋಡಿದರೂ ಅಷ್ಟೇ. ಹುಟ್ಟಿದಾಗಿನಿಂದ ಜೊತೆಗಿದ್ದ ಕಣ್ಣು ಮಂದ ಎಂಬ ಸುದ್ದಿ ಅವನಿಗೆ ತಿಳಿಯುವುದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಸರದಿಯಲ್ಲಿ ನಿಂತಾಗ. ಅದೇ ಕಣ್ಣನ್ನು ನಾಲ್ಕನೇ ವಯಸ್ಸಿನಲ್ಲಿ ಯಾರಾದರೂ ಐದು ನಿಮಿಷ ನೋಡಿದ್ದರೆ ಅವನ ಕಥೆ ಬೇರೆಯಾಗಿರುತ್ತಿತ್ತು.

ಹೊಸೂರಿನವರಿಗೆ ತಪಾಸಣೆ ಹೊಸದೇನಲ್ಲ. ಗಡಿಯಾರ, ಬೈಕು, ಲಾರಿ ತಯಾರಾಗುವ ಊರಿದು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಡಿಭಾಗವನ್ನು ಪಕ್ಕಕ್ಕಿಡುತ್ತಾರೆ. ಆ ಭಾಗಗಳನ್ನು ಪರೀಕ್ಷಿಸುವ ನಿಮ್ಮ ಕಣ್ಣುಗಳನ್ನೂ ಕೆಲಸಕ್ಕೆ ಸೇರುವಾಗ ಪರೀಕ್ಷಿಸುತ್ತಾರೆ. ಆದರೆ ನಿಮ್ಮ ಅಕ್ಕನ ಮೂರು ವರ್ಷದ ಮಗು ಎಷ್ಟು ನೋಡುತ್ತಿದೆ, ಎಷ್ಟು ಕೇಳುತ್ತಿದೆ ಎಂದು ಅಳೆದವರು ಯಾರು? ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಬಾಗಲೂರು, ಶೂಲಗಿರಿ ಕಡೆಯ ತರುಣ ತರುಣಿಯರೇ, ಈ ಪ್ರಶ್ನೆ ನೇರವಾಗಿ ನಿಮಗೆ.

ವಯಸ್ಸಿನ ಮಾತನ್ನು ಮೊದಲು ತಿಳಿದುಕೊಳ್ಳೋಣ. ಕಣ್ಣು ಚಿತ್ರವನ್ನು ಹಿಡಿದು ಮಿದುಳಿಗೆ ಕಳಿಸುತ್ತದೆ. ನೋಡುವುದನ್ನು ಕಲಿಯುವುದು ಮಿದುಳು. ಒಂದು ಕಣ್ಣಿನ ಪವರ್ ಹೆಚ್ಚುಕಮ್ಮಿ ಇದ್ದರೆ, ಕಣ್ಣು ಮೆಳ್ಳೆಯಾಗಿದ್ದರೆ, ಅಥವಾ ಅದಕ್ಕೆ ಪೊರೆ ಬಂದಿದ್ದರೆ ಆ ಕಡೆಯಿಂದ ಮಸುಕು ಚಿತ್ರವೇ ಬರುತ್ತದೆ. ಬೆಳೆಯುವ ಮಿದುಳು ಮಸುಕನ್ನು ಬಿಟ್ಟು ತಿಳಿಯಾದ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಬಿಟ್ಟ ಕಣ್ಣು ಕ್ರಮೇಣ ಸೋಮಾರಿ ಕಣ್ಣಾಗುತ್ತದೆ. ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆಯ ದಿನಗಳಲ್ಲಿ ಮುಚ್ಚಿಟ್ಟು ಮಿದುಳಿನಲ್ಲಾಗುವ ಈ ಬದಲಾವಣೆಯನ್ನು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳಿಗೆ 1981ರಲ್ಲಿ ನೊಬೆಲ್ ಬಂತು. ಇದಕ್ಕೆ ಚಿಕಿತ್ಸೆ ತೀರಾ ಸರಳ: ಸರಿಯಾದ ಕನ್ನಡಕ, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಚೆನ್ನಾಗಿರುವ ಕಣ್ಣನ್ನು ಮುಚ್ಚಿದರೆ ಸೋಮಾರಿ ಕಣ್ಣು ದುಡಿಯಲೇಬೇಕಾಗುತ್ತದೆ. ಏಳೆಂಟು ವರ್ಷದೊಳಗೆ ಶುರುಮಾಡಿದರೆ ಸಿಗುವ ಫಲ ಆಮೇಲೆ ಶುರುಮಾಡಿದರೆ ಸಿಗುವುದಿಲ್ಲ.

ಕಿವಿಯ ಕಾಲಾವಕಾಶ ಇನ್ನೂ ಚಿಕ್ಕದು. ಸಾವಿರ ಶಿಶುಗಳಲ್ಲಿ ಒಂದೆರಡಾದರೂ ಹುಟ್ಟುವಾಗಲೇ ಕಿವಿ ಕೇಳದ ಸ್ಥಿತಿಯಲ್ಲಿರುತ್ತವೆ. ಕೇಳದ ಮಗುವಿಗೆ ಮಾತು ಬರುವುದಿಲ್ಲ. ಮಾತು ತಡವಾದರೆ ಕಲಿಕೆ, ಗೆಳೆತನ, ಮುಂದೆ ಅನ್ನದ ದಾರಿ ಎಲ್ಲವೂ ತಡವಾಗುತ್ತದೆ. ಅದಕ್ಕೇ ತಜ್ಞರು ಒಂದು, ಮೂರು, ಆರು ಎಂಬ ಲೆಕ್ಕ ಇಟ್ಟಿದ್ದಾರೆ: ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ನಮ್ಮಲ್ಲಿ ನಡೆಯುವುದೇ ಬೇರೆ. "ಅವನ ಅಪ್ಪನೂ ತಡವಾಗೇ ಮಾತಾಡಿದ್ದು" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಎರಡು ವರ್ಷ ಹಾಗೇ ಕಳೆಯುತ್ತದೆ. ಆಮೇಲೆ ಹರಕೆ, ಆಮೇಲೆ ತಾಯಿತ, ಆಸ್ಪತ್ರೆ ಎಲ್ಲಕ್ಕಿಂತ ಕೊನೆಗೆ.

ಇದು ಎಲ್ಲ ಊರುಗಳ ಕಥೆ. ತಮಿಳುನಾಡು, ಕರ್ನಾಟಕ ಕೂಡುವ ನಮ್ಮ ಗಡಿಯಲ್ಲಿ ಇದಕ್ಕೆ ಇನ್ನೊಂದು ಸಿಕ್ಕು ಸೇರಿಕೊಂಡಿದೆ. ಮಗುವಿನ ಮನೆಮಾತು ಕನ್ನಡವೋ ತೆಲುಗೋ ಇರುತ್ತದೆ. ಅಂಗನವಾಡಿಯಲ್ಲಿ ಹಾಡು ತಮಿಳಿನಲ್ಲಿ, ತಪಾಸಣೆಗೆ ಬಂದ ಡಾಕ್ಟರ ಪ್ರಶ್ನೆಯೂ ತಮಿಳಿನಲ್ಲಿ. ತಮಿಳು ಕಲಿಕೆಯ ಕಾಯ್ದೆ 2006ರಲ್ಲಿ ಬಂದ ಮೇಲಂತೂ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯ. ಇಂಥ ಕಡೆ ಕರೆದರೆ ತಿರುಗದ, ಹೇಳಿದ್ದನ್ನು ಮಾಡದ, ಮೂಲೆಯಲ್ಲಿ ಸುಮ್ಮನೆ ಕೂತ ಮಗುವನ್ನು ಕಂಡರೆ ಟೀಚರಮ್ಮನಿಗೆ ಮೊದಲು ಹೊಳೆಯುವುದೇನು? "ಪಾಪ, ಇವನಿಗೆ ತಮಿಳು ಬರಲ್ಲ." ಮನೆಯಲ್ಲಿ ಅದೇ ಮಗುವಿನ ಬಗ್ಗೆ ಅಮ್ಮ ಹೇಳುತ್ತಾಳೆ: "ಸ್ಕೂಲಲ್ಲಿ ಬೇರೆ ಭಾಷೆ, ಅದಕ್ಕೇ ಗೊಂದಲ ಮಾಡ್ಕೊಂಡಿದ್ದಾನೆ." ಇಬ್ಬರ ಮಾತಿನಲ್ಲೂ ಅರ್ಥವಿದೆ. ಹಾಗಾಗಿಯೇ ಅಪಾಯವೂ ಇದೆ. ಕಿವಿಯ ದೋಷಕ್ಕೆ ಅಡಗಿಕೊಳ್ಳಲು ಭಾಷೆಗಿಂತ ಒಳ್ಳೆಯ ಜಾಗ ಇಲ್ಲ. ಇದರ ಇನ್ನೊಂದು ಮುಖವೂ ಅಷ್ಟೇ ಅನ್ಯಾಯದ್ದು: ಚೆನ್ನಾಗಿ ಕೇಳುವ ಮಗು ತಮಿಳಿನ ಪ್ರಶ್ನೆಗೆ ಉತ್ತರಿಸದೆ ನಿಂತರೆ ದಡ್ಡ ಎಂಬ ಹೆಸರು ಹೊರಬೇಕಾಗುತ್ತದೆ.

ಈ ಸಿಕ್ಕನ್ನು ಬಿಡಿಸಬಲ್ಲವರು ನೀವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಆಡುತ್ತಾ ಬೆಳೆದ ನಿಮಗೆ ಅದು ಸಾಧನೆ ಎಂದೇ ಅನಿಸಿರಲಿಕ್ಕಿಲ್ಲ. ಆದರೆ ಚೆನ್ನೈಯಲ್ಲಿ ಓದಿ ಬಂದ ಡಾಕ್ಟರಿಗೂ, ಬೆಂಗಳೂರಿನ ದೊಡ್ಡ ಆಸ್ಪತ್ರೆಯ ತಜ್ಞರಿಗೂ ಈ ಬಂಡವಾಳ ಸಿಗುವುದು ಕಷ್ಟ. ಮಗುವನ್ನು ಅದರ ಮನೆಮಾತಿನಲ್ಲೇ ಪಿಸುಗುಟ್ಟಿ ಕರೆದು ನೋಡಲು ನಿಮ್ಮಿಂದ ಆಗುತ್ತದೆ.

ಈ ದೋಷಗಳು ಬರುವುದು ಎಲ್ಲಿಂದ ಎಂದೂ ತಿಳಿದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಮಕ್ಕಳ ಶ್ರವಣದೋಷದಲ್ಲಿ ಸುಮಾರು 60% ತಡೆಯಬಹುದಾದ ಕಾರಣಗಳಿಂದ ಬರುವಂಥದ್ದು. ಅವುಗಳಲ್ಲಿ ಒಂದು ನಮ್ಮ ಊರುಗಳಲ್ಲಿ ಎಲ್ಲರ ಕಣ್ಣೆದುರಿಗೇ ಇದೆ: ಸೋರುವ ಕಿವಿ. ನೆಗಡಿಯಾದಾಗ ಮೂಗಿನ ಹಿಂದಿನ ಸೋಂಕು ನಡುಗಿವಿಗೆ ಹತ್ತಿ ಕೀವು ಕಟ್ಟುತ್ತದೆ, ಕಿವಿಯ ತಮಟೆ ತೂತಾಗಿ ಸೋರುತ್ತದೆ. ಅದಕ್ಕೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಹೇರ್‌ಪಿನ್ನು! ಕಿವಿಗೆ ಬೇಕಾದ್ದು ಶುದ್ಧ ಹತ್ತಿಯ ಬತ್ತಿಯಿಂದ ಒರೆಸಿ ಒಣಗಿಸುವುದು ಮತ್ತು ಡಾಕ್ಟರ ಔಷಧಿ. ಕೆಲವು ಮಕ್ಕಳ ಕಿವಿ ಸೋರುವುದೂ ಇಲ್ಲ. ತಮಟೆಯ ಹಿಂದೆ ನೀರು ನಿಂತು ಕೇಳುವುದು ಒಂದು ವಾರ ಕಡಿಮೆ, ಇನ್ನೊಂದು ವಾರ ಸರಿ. ಅಂಥ ಮಕ್ಕಳಿಗೇ "ಬೇಕಂತಲೇ ಕೇಳಿಸ್ಕೊಳ್ಳಲ್ಲ, ಮೊಂಡು" ಎಂಬ ಬೈಗುಳ, ಕೆಲವೊಮ್ಮೆ ಏಟು.

ಎರಡನೆಯದು ರುಬೆಲ್ಲಾ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಈ ಜ್ವರ ಬಂದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಒಟ್ಟಿಗೇ ಬರಬಹುದು. ಇದನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, 1941ರಲ್ಲಿ. ಎಳೆಯ ಮಕ್ಕಳಲ್ಲಿ ಏಕಾಏಕಿ ಇಷ್ಟೊಂದು ಪೊರೆ ಏಕೆ ಎಂದು ಯೋಚಿಸುತ್ತಿದ್ದ ಅವರು, ಬಸುರಿಯಾಗಿದ್ದಾಗ ಬಂದ ಜ್ವರದ ಬಗ್ಗೆ ತಾಯಂದಿರು ಹೇಳಿದ್ದಕ್ಕೆ ಕಿವಿಗೊಟ್ಟರು. ಕಾರಣ ಸಿಕ್ಕಿದ್ದು ಅಲ್ಲಿ. ನಮ್ಮ ದೇಶದ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕ, ತಮಿಳುನಾಡು ಎರಡೂ ಇದ್ದವು. ಒಂಬತ್ತನೇ ತಿಂಗಳಿನಲ್ಲಿ ಆ ಲಸಿಕೆಯ ಜೊತೆಗೇ ವಿಟಮಿನ್ ಎ ಮೊದಲ ಡೋಸು. ಎರಡನೇ ಡೋಸಿನ ನಂತರ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಒಟ್ಟು ಒಂಬತ್ತು. ಮೊದಲೆರಡು ಡೋಸು ಹಾಕಿಸಿ ಉಳಿದದ್ದನ್ನು ಮರೆಯುವ ಮನೆಗಳಿಗೆ ನೆನಪಿಸುವವರು ಬೇಕು.

ಮೂರನೆಯದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ತಲೆತಲಾಂತರದ ರೂಢಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡು, ಕರ್ನಾಟಕ ಎರಡರಲ್ಲೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗಿವೆ. ಒಂದೇ ದೋಷದ ಜೀನ್ ಎರಡೂ ಕಡೆಯಿಂದ ಬರುವ ಸಂಭವ ಇಲ್ಲಿ ಹೆಚ್ಚು, ಹುಟ್ಟು ಕಿವುಡಿಗೆ ಅದು ಒಂದು ದೊಡ್ಡ ಕಾರಣ. ಆಗಿಹೋದ ಮದುವೆಯ ಬಗ್ಗೆ ಯಾರನ್ನೂ ದೂರಬೇಡಿ. ಮುಂದಿನ ಮದುವೆ ನಿಮ್ಮದು. ಆ ಮಾತುಕತೆಯಲ್ಲಿ ಬಾಯಿ ಬಿಡುವ ಹಕ್ಕು ನಿಮಗಿದೆ.

ಸರ್ಕಾರ ಏನೂ ಮಾಡಿಲ್ಲ ಎಂದು ಕೈಚೆಲ್ಲುವ ಹಾಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವ್ಯಾನಿನಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು; ತೊಂದರೆ ಕಂಡ ಮಗುವನ್ನು ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಶಾಲಾ ಮಕ್ಕಳ ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ 'ಕಣ್ಣೊಳಿ ಕಾಪ್ಪೋಂ' ಯೋಜನೆಯನ್ನು ತಮಿಳುನಾಡು 2009ರಲ್ಲೇ ತಂದಿತು. ಕಾಕ್ಲಿಯರ್ ಇಂಪ್ಲಾಂಟ್‌ನಂಥ ಲಕ್ಷಗಟ್ಟಲೆ ಖರ್ಚಿನ ಶಸ್ತ್ರಚಿಕಿತ್ಸೆಗೂ ಮುಖ್ಯಮಂತ್ರಿಗಳ ವಿಮಾ ಯೋಜನೆಯಲ್ಲಿ ದಾರಿ ಇದೆ. ಆದರೆ ಅದು ಎಳೆಯ ಮಕ್ಕಳಿಗೆ ಮಾತ್ರ, ವಯಸ್ಸು ದಾಟಿದರೆ ಇಲ್ಲ. ಮನೆ ಬಾಗಿಲಿಗೇ ಆರೋಗ್ಯ ಸೇವೆ ಒಯ್ಯುವ 'ಮಕ್ಕಳೈ ತೇಡಿ ಮರುತ್ತುವಂ' 2021ರ ಆಗಸ್ಟ್ 5ರಂದು ಶುರುವಾದದ್ದಂತೂ ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಅಜ್ಜನ ಬಿಪಿ, ಅಜ್ಜಿಯ ಸಕ್ಕರೆ ನೋಡಲು ಆ ಯೋಜನೆಯ ಅಕ್ಕ ಮನೆಗೆ ಬಂದಾಗ ಅದೇ ಜಗಲಿಯಲ್ಲಿ ಆಡುವ ಮಗುವನ್ನೂ ತೋರಿಸಿ ಒಂದು ಮಾತು ಕೇಳಲು ಯಾರ ಅಪ್ಪಣೆ ಬೇಕು?

ಜನ ಜಾರಿಬೀಳುವುದು ಯೋಜನೆಗಳ ನಡುವಿನ ಸಂದಿನಲ್ಲಿ. ವ್ಯಾನು ಬಂದ ದಿನ ಮಗು ಅಜ್ಜಿಯ ಊರಿಗೆ ಹೋಗಿರುತ್ತದೆ. ಗುಲಾಬಿ ಪಾಲಿಹೌಸಿನಲ್ಲಿ, ಗ್ರಾನೈಟ್ ಕ್ವಾರಿಯಲ್ಲಿ ದುಡಿಯಲು ದೂರದ ರಾಜ್ಯಗಳಿಂದ ಬಂದವರ ಮಕ್ಕಳ ಹೆಸರು ಎಷ್ಟೋ ಸಲ ಅಂಗನವಾಡಿಯ ಪುಸ್ತಕದಲ್ಲೇ ಇರುವುದಿಲ್ಲ. ಅಂಚೆಟ್ಟಿ, ಉರಿಗಂ ಕಡೆಯ ಕಾಡಂಚಿನ ಹಳ್ಳಿಗಳಿಗೆ ಬಸ್ಸೇ ಅಪರೂಪ. ಚೀಟಿ ಬರೆದುಕೊಟ್ಟರೂ ಕೃಷ್ಣಗಿರಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು, ಹೋದ ಮೇಲೆ ಯಾವ ಕೋಣೆ ಎಂದು ಕೇಳಲು ಭಾಷೆ ಬೇಕು. ಆ ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಉಳಿದುಬಿಡುತ್ತದೆ.

ಡಾಕ್ಟರಲ್ಲದ ನಾವೇನು ಮಾಡಲಾದೀತು ಎನ್ನಬೇಡಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರುಮಾಡಿದರು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲ ಹಾಳಾಗುವ ಕಾಯಿಲೆಯನ್ನು ಮೂವತ್ತು ದಿನದೊಳಗೆ ಹಿಡಿಯಬೇಕು. ಹಳ್ಳಿಗಾಡಿನಲ್ಲಿ ಅಷ್ಟು ತಜ್ಞರು ಎಲ್ಲಿ? ಅವರು ತಂತ್ರಜ್ಞರನ್ನು ತರಬೇತುಗೊಳಿಸಿ, ಕ್ಯಾಮೆರಾ ಕೊಟ್ಟು ಕರ್ನಾಟಕದ ಜಿಲ್ಲೆಗಳ ಶಿಶು ಘಟಕಗಳಿಗೆ ಕಳಿಸಿದರು. ಆ ತಂತ್ರಜ್ಞರು ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡಿದರು, ಎಷ್ಟೋ ಮಕ್ಕಳ ದೃಷ್ಟಿ ಉಳಿಯಿತು. ಅದಕ್ಕೂ ಹಿಂದೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ಶಿಬಿರಗಳಲ್ಲಿ ಕಣ್ಣಿನ ಪೊರೆ ತೆಗೆದರು; ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರ ಹೆಸರಿನಲ್ಲಿದೆ. ಕತ್ತರಿ ಹಿಡಿದದ್ದು ಅವರ ಕೈ. ಸಾಲು ನಿಲ್ಲಿಸಿ, ಮುದುಕರನ್ನು ಕೈಹಿಡಿದು ಕರೆತಂದು, ಅನ್ನ ಬಡಿಸಿದ ಕೈಗಳಿಲ್ಲದೆ ಅಂಥ ಯಾವ ಶಿಬಿರವೂ ನಡೆಯುವುದಿಲ್ಲ. ದೂರ ಏಕೆ, ಕೊರೊನಾ ಕಾಲದಲ್ಲಿ ಮಕ್ಕಳ ಓದು ಹಿಂದೆ ಬಿತ್ತೆಂದು 'ಇಲ್ಲಂ ತೇಡಿ ಕಲ್ವಿ' ಬಂತಲ್ಲ. ಸಂಜೆ ಹೊತ್ತು ಓಣಿಯ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದವರಲ್ಲಿ ನಿಮ್ಮಂಥ ಯುವತಿಯರೇ ಹೆಚ್ಚು. ಅಂದು ಪಾಠಕ್ಕೆ ಆದದ್ದು ಇಂದು ಕಣ್ಣು ಕಿವಿಗೆ ಆಗುವುದಿಲ್ಲವೇ?

ಹಾಗಾದರೆ ಕೆಲಸ ಹೀಗೆ. ನಾಲ್ಕೈದು ಜನ ಸೇರಿ, ಹುಡುಗಿಯರೂ ಇರಲಿ. ಅಂಗನವಾಡಿ ಟೀಚರಮ್ಮನನ್ನೂ ಊರಿನ ನರ್ಸಮ್ಮನನ್ನೂ ಮೊದಲು ಕಂಡು, ಅವರ ಒಪ್ಪಿಗೆ ಪಡೆದು, ಅವರ ಜೊತೆಗೇ ಹೊರಡಿ. ನಿಮ್ಮ ಊರಿನ ಆರು ವರ್ಷದೊಳಗಿನ ಪ್ರತಿ ಮಗುವಿನ ಹೆಸರು ಬರೆದುಕೊಳ್ಳಿ, ಪಾಲಿಹೌಸಿನ ಶೆಡ್ಡಿನ ಮಗುವನ್ನೂ ಸೇರಿಸಿ.

ಕಣ್ಣಿಗೆ ಇಂಗ್ಲಿಷಿನ E ಅಕ್ಷರದ ಚಾರ್ಟು ಸಾಕು. ಆ ಅಕ್ಷರದ ಮೂರು ಕಾಲು ಯಾವ ಕಡೆಗಿವೆ ಎಂದು ಮಗು ಕೈಬೆರಳಿನಲ್ಲಿ ತೋರಿಸಿದರಾಯಿತು. ಕನ್ನಡ, ತಮಿಳು, ಇಂಗ್ಲಿಷ್ ಒಂದೂ ಬೇಕಿಲ್ಲ. ಇನ್ನೂ ಎಳೆಯ ಮಕ್ಕಳಿಗೆ ಸೇಬು, ಮನೆ, ವೃತ್ತ, ಚೌಕದ ಚಿತ್ರಗಳ ಪಟ್ಟಿ ಇದೆ. ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರವನ್ನು ಮುಟ್ಟಿದರೆ ಉತ್ತರ. ಚಾರ್ಟಿಗೆ ಹೇಳಿದಷ್ಟೇ ದೂರವನ್ನು ಟೇಪಿನಲ್ಲಿ ಅಳೆಯಿರಿ. ಬೆಳಕು ಚಾರ್ಟಿನ ಮೇಲಿರಲಿ. ಒಂದೊಂದೇ ಕಣ್ಣು ನೋಡಿ, ಇನ್ನೊಂದನ್ನು ಒತ್ತದೆ ಅಂಗೈಯಲ್ಲಿ ಮುಚ್ಚಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದು ಮುಚ್ಚಿದಾಗ ಕೈ ತಳ್ಳಿ ಅಳುವ ಮಗುವನ್ನು ತಂಟೆಕೋರ ಎನ್ನಬೇಡಿ. ನೀವು ಮುಚ್ಚಿದ್ದು ಅದಕ್ಕೆ ಕಾಣುವ ಏಕೈಕ ಕಣ್ಣಾಗಿರಬಹುದು. ಆರು ತಿಂಗಳಾದ ಮೇಲೂ ಮೆಳ್ಳೆಗಣ್ಣು ಇದ್ದರೆ ಅದೃಷ್ಟ ಎಂಬ ಮಾತಿಗೆ ಸೊಪ್ಪು ಹಾಕದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಫ್ಲಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಮಗುವಿನ ಒಂದು ಪಾಪೆ ಮತ್ತೆ ಮತ್ತೆ ಬೆಳ್ಳಗೆ ಹೊಳೆದರೆ ಒಂದು ದಿನವೂ ತಡ ಬೇಡ. ಅದು ಪೊರೆ ಇರಬಹುದು, ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು; ಬೇಗ ಸಿಕ್ಕರೆ ಜೀವವೇ ಉಳಿಯುತ್ತದೆ.

ಕಿವಿಗೆ ನಿಮ್ಮ ನಾಲಿಗೆಯೇ ಉಪಕರಣ. ಮಗುವಿನ ಬೆನ್ನ ಹಿಂದೆ, ನೆರಳೂ ಕಾಣದ ಹಾಗೆ ನಿಂತು, ಅದರ ಮನೆಯ ಮುದ್ದಿನ ಹೆಸರನ್ನು ಮೆಲ್ಲಗೆ ಕರೆಯಿರಿ. ಆ, ಊ, ಈ, ಮ್, ಶ್, ಸ್ ಎಂಬ ಆರು ದನಿಗಳನ್ನು ಒಂದೊಂದಾಗಿ ಹೇಳಿ. ಪ್ರತಿ ದನಿಗೂ ಮಗು ಒಂದು ಕಲ್ಲನ್ನು ಡಬ್ಬಿಗೆ ಹಾಕಬೇಕು ಎಂಬ ಆಟ ಕಟ್ಟಿ. ಶ್ರವಣ ಸಾಧನ ಹಾಕಿಕೊಂಡ ಮಕ್ಕಳಿಗೆ ತಜ್ಞರು ದಿನವೂ ಕೇಳಿಸಿ ನೋಡುವುದು ಇವೇ ದನಿಗಳನ್ನು. ಮ್ ತಗ್ಗಿನ ದನಿ, ಸ್ ಏರಿನ ದನಿ. ಒಂದು ಕೇಳಿ ಇನ್ನೊಂದು ಕೇಳದ ಮಕ್ಕಳೂ ಇರುತ್ತಾರೆ. ತಾಯಿಯ ಹತ್ತಿರ ಅವಳ ಭಾಷೆಯಲ್ಲೇ ಕೂತು ಕೇಳಿ: ಆರು ತಿಂಗಳಿಗೆ ದನಿ ಬಂದ ಕಡೆ ತಿರುಗುತ್ತಿತ್ತಾ, ವರ್ಷಕ್ಕೆ ಅಮ್ಮ, ಅತ್ತೆ ಅಂತೇನಾದರೂ ಅಂದಿತಾ, ಎರಡು ವರ್ಷಕ್ಕೆ ಎರಡು ಮಾತು ಸೇರಿಸಿತಾ, ಕಿವಿ ಸೋರುತ್ತಾ? ಅವಳಿಗೆ ಅನುಮಾನ ಇದ್ದರೆ ಅದೊಂದೇ ಸಾಕು, ಮುಂದಿನ ಪರೀಕ್ಷೆಗೆ ಕಳಿಸಿ. ಮಲಗಿದ ಶಿಶುವಿನ ಕಿವಿಯನ್ನೂ ಅಳೆಯುವ ಯಂತ್ರಗಳಿವೆ. ಅವಕ್ಕೆ ಮಗುವಿನ ಉತ್ತರವೇ ಬೇಡ. ಬೆಂಗಳೂರಿನಲ್ಲೇ ರೂಪುಗೊಂಡ ಸೋಹಂ ಎಂಬ ಶಿಶು ಶ್ರವಣ ಪರೀಕ್ಷಾ ಯಂತ್ರ 2017ರಲ್ಲಿ ಬಂತು.

ಇಷ್ಟೆಲ್ಲ ಮಾಡುವಾಗ ಒಂದು ಗೆರೆ ದಾಟಬೇಡಿ. ನಿಮ್ಮ ಕೆಲಸ ಅನುಮಾನ ಪಡುವುದು, ತೀರ್ಪು ಕೊಡುವುದಲ್ಲ. "ನಿಮ್ಮ ಮಗು ಕಿವುಡು" ಎಂದು ಜಗಲಿಯಲ್ಲಿ ಕೂಗಿದರೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. "ಒಂದು ಸಲ ತೋರಿಸ್ಕೊಂಡು ಬರೋಣಕ್ಕ, ನಾನೂ ಬರ್ತೀನಿ" ಎನ್ನಿ. ಆ 'ನಾನೂ ಬರ್ತೀನಿ' ಇಲ್ಲದೆ ಚೀಟಿಗೆ ಕಾಲು ಬರುವುದಿಲ್ಲ. ಕೃಷ್ಣಗಿರಿಯ ಬಸ್ಸು ಹತ್ತಿಸಿ, ಕೌಂಟರಿನಲ್ಲಿ ತಮಿಳು ಮಾತಾಡಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳಿ. ತಿಂಗಳ ಮೇಲೆ ಮತ್ತೆ ಆ ಮನೆಗೆ ಹೋಗಿ. ಕೊಟ್ಟ ಕನ್ನಡಕ ಮಗುವಿನ ಮುಖದ ಮೇಲಿದೆಯೋ ಡಬ್ಬಿಯಲ್ಲಿದೆಯೋ ನೋಡಿ. ಡಬ್ಬಿಯಲ್ಲಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕನ್ನಡದಲ್ಲೂ ತಮಿಳಿನಲ್ಲೂ 'ಸೋಡಾಬುಡ್ಡಿ' ಎಂದು ರೇಗಿಸುವ ನಾವೇ ಕಾರಣ. ಹೆಣ್ಣುಮಗುವಾದರೆ ಮುಂದೆ ಗಂಡು ಸಿಗುವುದಿಲ್ಲ ಎಂಬ ಮಾತು ಬೇರೆ. ಆ ಎರಡು ಮಾತನ್ನು ನಿಮ್ಮ ತಲೆಮಾರಿಗೇ ಮುಗಿಸಿ.

ಪ್ಲಸ್ ಟೂ ಓದುತ್ತಿರುವವರಿಗೆ ಇನ್ನೊಂದು ಮಾತು. ವಿಜ್ಞಾನ ಓದಿದವರೆಲ್ಲ ಎಂಜಿನಿಯರಿಂಗ್ ಎಂದು ಓಡುತ್ತಾರೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮತ್ತು ಮಾತಿನ ತಜ್ಞರಾಗುವ ಪದವಿ ಅಲ್ಲಿದೆ. ಕಣ್ಣಿಗೆ ಆಪ್ಟೊಮೆಟ್ರಿ ಇದೆ. ಮಗುವಿಗೆ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂದು ಅಳೆಯುವ ಪರೀಕ್ಷೆಗೆ ಆ ಮಗುವಿನ ಭಾಷೆಯ ಪದಗಳೇ ಬೇಕು, ಆಮೇಲಿನ ಮಾತಿನ ತರಬೇತಿಗಂತೂ ಮನೆಮಾತೇ ಬುನಾದಿ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಇದನ್ನು ಮಾಡಬಲ್ಲ ತಜ್ಞೆಯೊಬ್ಬಳು ಹೊಸೂರಿನಲ್ಲಿ ಕೂತರೆ ಎರಡು ರಾಜ್ಯದ ಮಕ್ಕಳು ಅವಳನ್ನು ಹುಡುಕಿಕೊಂಡು ಬರುತ್ತಾರೆ. ಆ ಕುರ್ಚಿ ನಿಮಗೆ ಕಾದಿದೆ.

ಗಡಿಯಲ್ಲಿ ಹುಟ್ಟಿದ್ದಕ್ಕೆ ನಾವು ಗೊಣಗುವುದು ಹಳೆಯ ಚಾಳಿ: ಆ ಕಡೆಯವರು ನಮ್ಮವರಲ್ಲ ಎನ್ನುತ್ತಾರೆ, ಈ ಕಡೆಯವರು ಮರೆತಿದ್ದಾರೆ ಎನ್ನುತ್ತೇವೆ. ಗೊಣಗಾಟ ಸಾಕು. ನಾವು ಕಾಯುವಷ್ಟು ಕಾಲ ಮೂರು ವರ್ಷದ ಮಗುವಿನ ಮಿದುಳು ಕಾಯುವುದಿಲ್ಲ. ಈ ಭಾನುವಾರ ನಿಮ್ಮ ಬೀದಿಯ ಮಕ್ಕಳ ಪಟ್ಟಿ ಬರೆಯಿರಿ, ಸೋಮವಾರ ಅಂಗನವಾಡಿಯ ಬಾಗಿಲು ತಟ್ಟಿ. ಒಂದು ವರ್ಷದಲ್ಲಿ ನಿಮ್ಮ ಊರಿನ ಆರು ವರ್ಷದೊಳಗಿನ ಒಂದು ಮಗುವೂ ತಪಾಸಣೆ ತಪ್ಪಿಸಿಕೊಂಡಿಲ್ಲ ಎಂದು ಎದೆ ತಟ್ಟಿ ಹೇಳುವ ಮೊದಲ ಊರು ಯಾವುದು? ಅದು ನಿಮ್ಮದೇ ಆಗಲಿ. ಪಕ್ಕದ ಊರಿನವರು ನಿಮ್ಮೊಡನೆ ಪೈಪೋಟಿಗೆ ಇಳಿಯಲಿ.